ಕಮಲಾದೇವಿ ಚಟ್ಟೋಪಾಧ್ಯಾಯ ಮತ್ತು ಮಹಿಳಾ ಮತಾಧಿಕಾರ

ಕಮಲಾದೇವಿ ಚಟ್ಟೋಪಾಧ್ಯಾಯ (1903–1988) ಮಂಗಳೂರಿನ ಸಾರಸ್ವತ ಮನೆತನದಲ್ಲಿ ಹುಟ್ಟಿದವರು. ಎಳವೆಯಲ್ಲೇ ಮದುವೆ, ವೈಧವ್ಯ. ಮುಂದೆ ಮದ್ರಾಸಿನಲ್ಲಿ ಓದು, ಕವಿ ಹರೀಂದ್ರನಾಥರೊಡನೆ ಮರುಮದುವೆ. ಕರಕುಶಲ ಕಲೆ, ಸಹಕಾರ ಚಳವಳಿ, ರಂಗಭೂಮಿಗಳಲ್ಲಿ ಅವರು ಮಾಡಿದ ಕೆಲಸದ ಬಗ್ಗೆ ಬರಹಗಳು ಬೇಕಾದಷ್ಟಿವೆ. 1926ರಲ್ಲಿ ಅವರು ಮದ್ರಾಸ್ ಶಾಸನ ಪರಿಷತ್ತಿಗೆ ಸ್ಪರ್ಧಿಸಿದ ಸಂಗತಿ ಮಾತ್ರ ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ, ಆ ಸಾಲಿನಲ್ಲೂ ಒಮ್ಮತವಿಲ್ಲ. ಸೋಲಿನ ಅಂತರ 55 ಮತ ಎಂಬುದು ಪ್ರಚಲಿತ. 200 ಎನ್ನುವವರೂ ಇದ್ದಾರೆ. ಈ ಲೆಕ್ಕದ ಜಗಳದಲ್ಲಿ ಮುಖ್ಯ ವಿಷಯವೇ ಹಿಂದೆ ಬಿದ್ದಿದೆ. ಮತ ಹಾಕುವ ಹಕ್ಕು ಮತ್ತು ಮತ ಕೇಳುವ ಹಕ್ಕು ಇಲ್ಲಿನ ಹೆಣ್ಣುಮಕ್ಕಳಿಗೆ ಒಟ್ಟಿಗೆ ಸಿಗಲಿಲ್ಲ.

1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಅವರ ನೇತೃತ್ವದ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಕಂಡು ಮತಾಧಿಕಾರ ಕೇಳಿತ್ತು. ಮತಾಧಿಕಾರದ ವಿಚಾರಣೆಗೆ ನೇಮಕವಾದ ಸೌತ್‌ಬರೋ ಸಮಿತಿ ಒಪ್ಪಲಿಲ್ಲ. 1919ರ ಕಾಯ್ದೆ ತೀರ್ಮಾನವನ್ನು ಪ್ರಾಂತೀಯ ಪರಿಷತ್ತುಗಳಿಗೆ ಬಿಟ್ಟಿತು. ಮದ್ರಾಸ್ ಪರಿಷತ್ತು 1921ರಲ್ಲೇ ಒಪ್ಪಿತು, ಆದರೆ ಆಸ್ತಿಯುಳ್ಳ ಸ್ತ್ರೀಯರಿಗಷ್ಟೇ. ಇತ್ತ ಮೈಸೂರು ಸಂಸ್ಥಾನ 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಯ ಚುನಾವಣೆಗೆ ಸ್ತ್ರೀಯರನ್ನೂ ಸೇರಿಸಿಕೊಂಡಿತು. ಅಲ್ಲಿಯೂ ಆಸ್ತಿಯ ಷರತ್ತು ತಪ್ಪಲಿಲ್ಲ. ಕೂಲಿಗೆ ಹೋಗುವ ಹೆಂಗಸಿಗೆ, ಗಂಡನ ಹೆಸರಿನಲ್ಲೇ ಪಹಣಿಯಿದ್ದ ಗೃಹಿಣಿಗೆ ಈ ಸುಧಾರಣೆಯಿಂದ ಬಂದದ್ದೇನೂ ಇಲ್ಲ. ಮದ್ರಾಸಿನಲ್ಲಿ ಸ್ತ್ರೀಯರು ಅಭ್ಯರ್ಥಿಗಳಾಗಲು ದಾರಿ ತೆರೆದದ್ದು 1926ರಲ್ಲಿ. ಮಹಿಳಾ ಭಾರತೀಯ ಸಂಘದ ಮಾರ್ಗರೆಟ್ ಕಸಿನ್ಸ್ ಅವರ ಒತ್ತಾಯಕ್ಕೆ ಮಣಿದು, ಇಪ್ಪತ್ಮೂರರ ಕಮಲಾದೇವಿ ಪಕ್ಷೇತರರಾಗಿ ನಿಂತರು. ಪ್ರಚಾರಕ್ಕೆ ಸಿಕ್ಕಿದ್ದು ಅಲ್ಪ ಕಾಲ.

ಸೋತ ಚುನಾವಣೆಯನ್ನು ಮಹಿಳಾ ಮತಾಧಿಕಾರದ ತಿರುವು ಎನ್ನಬಹುದೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಮರುವರ್ಷ ವೈದ್ಯೆ ಮುತ್ತುಲಕ್ಷ್ಮಿ ರೆಡ್ಡಿ ಅದೇ ಪರಿಷತ್ತಿಗೆ ನಾಮಕರಣಗೊಂಡು ಉಪಾಧ್ಯಕ್ಷೆಯಾದರು. ದೇವದಾಸಿ ಪದ್ಧತಿಯ ವಿರುದ್ಧ ಶಾಸನ ತಂದರು. ಫಲವನ್ನಷ್ಟೇ ಅಳೆದರೆ ಅವರದೇ ದೊಡ್ಡದು. ಆದರೆ ನಾಮಕರಣ ಸರ್ಕಾರದ ಮರ್ಜಿಗೆ ಬಿಟ್ಟದ್ದು. ಅಭ್ಯರ್ಥಿಯಾದವಳು ಮತದಾರನ ಮನೆ ಬಾಗಿಲಿಗೆ ಹೋಗಬೇಕು. ಮತದಾರರಲ್ಲಿ ಗಂಡಸರೇ ತುಂಬಿದ್ದ ಕಾಲದಲ್ಲಿ ಒಬ್ಬ ಮರುಮದುವೆಯಾದ ಹೆಣ್ಣುಮಗಳು ಅವರ ಒಪ್ಪಿಗೆ ಕೇಳಿ, ಗೆಲುವಿನ ಹತ್ತಿರಕ್ಕೆ ಬಂದದ್ದು ಕಾಗದದ ಮೇಲಿದ್ದ ನಿಯಮಕ್ಕೆ ಸಿಕ್ಕ ಮೊದಲ ಪರೀಕ್ಷೆಗಳಲ್ಲಿ ಒಂದು. ಅಂತರ 55 ಇರಲಿ, 200 ಇರಲಿ, ಈ ಮಾತು ನಿಲ್ಲುತ್ತದೆ.

ಕಮಲಾದೇವಿ ರಾಷ್ಟ್ರೀಯ ಹೋರಾಟಗಾರ್ತಿಯೇ ಹೊರತು ಮತಾಧಿಕಾರದ ಹೋರಾಟಗಾರ್ತಿಯಲ್ಲ ಎನ್ನುವವರಿದ್ದಾರೆ. ಅವರ ಬದುಕಿನಲ್ಲಿ ಇವೆರಡೂ ಬೇರೆಬೇರೆಯಾಗಿರಲಿಲ್ಲ. 1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕೆ ಹೆಂಗಸರನ್ನೂ ಕರೆಯಬೇಕೆಂದು ಗಾಂಧೀಜಿಯನ್ನು ಒಪ್ಪಿಸಿದವರಲ್ಲಿ ಅವರೊಬ್ಬರು. ಮುಂಬಯಿಯ ಷೇರುಪೇಟೆಯೊಳಗೆ ನುಗ್ಗಿ ಉಪ್ಪಿನ ಪೊಟ್ಟಣ ಮಾರಿದರು, ಹೈಕೋರ್ಟಿನಲ್ಲಿ ಮ್ಯಾಜಿಸ್ಟ್ರೇಟರನ್ನೇ ಕೊಳ್ಳುವಿರಾ ಎಂದು ಕೇಳಿದರು, ಜೈಲಿಗೆ ಹೋದರು. ಅವರು ಕಾರ್ಯದರ್ಶಿಯಾಗಿ ಕಟ್ಟಿ ಬೆಳೆಸಿದ, 1944ರಲ್ಲಿ ಅಧ್ಯಕ್ಷತೆ ವಹಿಸಿದ ಅಖಿಲ ಭಾರತ ಮಹಿಳಾ ಸಮ್ಮೇಳನ 1931ರಲ್ಲಿ ಇತರ ಮಹಿಳಾ ಸಂಘಗಳೊಡನೆ ಸೇರಿ ಸಲ್ಲಿಸಿದ ಮನವಿಯಲ್ಲಿ ಕೇಳಿದ್ದು ವಯಸ್ಕರೆಲ್ಲರಿಗೂ ಮತ. ಬ್ರಿಟಿಷರು 1935ರ ಕಾಯ್ದೆಯಲ್ಲಿ ಕೊಟ್ಟದ್ದು ಬೇರೆ: ಅರ್ಹ ಮತದಾರನ ಹೆಂಡತಿ ಎಂಬ ಕಾರಣಕ್ಕೆ ಮತ, ಜೊತೆಗೆ ಕೆಲವು ಮೀಸಲು ಸ್ಥಾನಗಳು. ಮತದಾರರ ಸಂಖ್ಯೆ ಹೆಚ್ಚಿತು, ನಿಜ. ಆದರೆ ಹಕ್ಕು ಬಂದದ್ದು ಗಂಡನ ಮೂಲಕ. ಈ ಗುರುತಿನ ಹಿಡಿತ ಸಂವಿಧಾನ ಬಂದ ಮೇಲೂ ಸಡಿಲಲಿಲ್ಲ. 1951–52ರ ಮೊದಲ ಮಹಾಚುನಾವಣೆಗೆ ಪಟ್ಟಿ ಮಾಡುವಾಗ ಉತ್ತರ ಭಾರತದ ಅನೇಕ ಹೆಂಗಸರು ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದರು. ಸ್ವಂತ ಹೆಸರು ಹೇಳದ ಸುಮಾರು 28 ಲಕ್ಷ ಸ್ತ್ರೀಯರನ್ನು ಚುನಾವಣಾ ಆಯೋಗ ಪಟ್ಟಿಯಿಂದ ಕೈಬಿಟ್ಟಿತು.