ಸರಾಸರಿಯ ಆಚೆಗೆ: ಕಾನ್ಫಿಗ್ ಲೈಬ್ರರಿಗಳ ವೇಗ ಪರೀಕ್ಷೆ ನಡೆದುಬಂದ ದಾರಿ

ಊಟಿಗೋ ವಯನಾಡಿಗೋ ಹೊರಟವರು ಮೈಸೂರು–ಗುಂಡ್ಲುಪೇಟೆ ಹೆದ್ದಾರಿಯ ಬೇಗೂರಿನಲ್ಲಿ ಎಳನೀರಿಗೆ ನಿಂತು ಫೋನಿನಲ್ಲೇ ದುಡ್ಡು ಕೊಡುತ್ತಾರೆ. ಪಾವತಿ ಯಾವ ದಾರಿ ಹಿಡಿಯಬೇಕು, ಉತ್ತರಕ್ಕೆ ಎಷ್ಟು ಸೆಕೆಂಡು ಕಾಯಬೇಕು, ಹೊಸ ಪರದೆ ಯಾರಿಗೆ ಕಾಣಬೇಕು ಎಂಬಂಥ ತೀರ್ಮಾನಗಳನ್ನು ಈಗ ಕೋಡಿನೊಳಗೆ ಕೆತ್ತಿಡುವುದು ಕಡಿಮೆ. ಬೇಕೆಂದಾಗ ಬದಲಿಸಲು ಬರುವಂತೆ ಕ್ಲೌಡಿನ ಕಾನ್ಫಿಗರೇಷನ್ ಸೇವೆಯಲ್ಲಿ ಇಡುತ್ತಾರೆ. ಅಲ್ಲಿಂದ ಅದನ್ನು ತಂದು ಪ್ರೋಗ್ರಾಮಿನ ಕೈಗಿಡುವುದು ಕ್ಲೈಂಟ್ ಲೈಬ್ರರಿ. ಸಣ್ಣ ಕೆಲಸವೇ, ಆದರೆ ಬಿಡುವಿಲ್ಲದ ಕೆಲಸ.

ಇದರ ವೇಗವನ್ನು ಅಳೆಯಬೇಕೆಂದು ಬಹುಕಾಲ ಯಾರಿಗೂ ಅನ್ನಿಸಿರಲಿಲ್ಲ. 1990ರ ದಶಕದ ಲೋಡ್‌ರನ್ನರ್, 1998ರಲ್ಲಿ ಸ್ಟೆಫಾನೊ ಮಝೋಕಿ ಬರೆದ ಜೆಮೀಟರ್, ಈ ಎರಡೂ ಪರೀಕ್ಷಾ ಉಪಕರಣಗಳ ಕಣ್ಣು ಸರ್ವರ್ ಮೇಲೆಯೇ. ಆಗ ಸೆಟ್ಟಿಂಗ್ಸ್ ಒಂದು ಫೈಲಿನಲ್ಲಿ ಇರುತ್ತಿತ್ತು, ಪ್ರೋಗ್ರಾಮ್ ಶುರುವಾಗುವಾಗ ಒಮ್ಮೆ ಓದಿದರೆ ಮುಗಿಯಿತು.

2006ರಲ್ಲಿ ಗೂಗಲ್‌ನ ಮೈಕ್ ಬರೋಸ್ ಸಣ್ಣ ಫೈಲುಗಳನ್ನೂ ಇಟ್ಟುಕೊಡುವ ಲಾಕ್ ಸೇವೆ ‘ಚಬ್ಬಿ’ ಕುರಿತು ಪ್ರಕಟಿಸಿದ ಪ್ರಬಂಧ ಬೇರೆಯದೇ ಚಿತ್ರ ತೋರಿಸಿತು. ಅದರ ಒಂದು ಮಾಸ್ಟರ್ ಸರ್ವರ್‌ಗೆ 90,000 ಕ್ಲೈಂಟ್‌ಗಳು ನೇರವಾಗಿ ಜೋತುಬಿದ್ದಿದ್ದೂ ಉಂಟು. ಅಲ್ಲಿ ಕೊಟ್ಟ ಒಂದು ಲೆಕ್ಕದಲ್ಲಿ ವಿನಂತಿಗಳ ಪೈಕಿ ಶೇ 93 ಬರೀ ‘ನಾನಿನ್ನೂ ಇದ್ದೇನೆ’ ಎಂದು ಹೇಳುವಂಥವು. ಸರ್ವರ್‌ನ ಭಾರವನ್ನು ನಿರ್ಧರಿಸುವುದು ಕ್ಲೈಂಟ್ ಲೈಬ್ರರಿಯ ನಡವಳಿಕೆ ಎಂಬುದು ಅಂಕಿಗಳಲ್ಲೇ ಕಂಡಿತು. ಇದೇ ಜಾತಿಯ ವ್ಯವಸ್ಥೆಗಳು ಒಂದರ ಹಿಂದೊಂದು ಬಂದವು: 2010ರಲ್ಲಿ ಯಾಹೂ ಕಡೆಯಿಂದ ಝೂಕೀಪರ್ ಪ್ರಬಂಧ, 2013ರಲ್ಲಿ ಎಟ್ಸಿಡಿ, 2014ರಲ್ಲಿ ಕಾನ್ಸಲ್.

ಪಾಠ ಕಲಿಸಿದ್ದು ಮಾತ್ರ ಒಂದು ಅವಘಡ. 2010ರ ಸೆಪ್ಟೆಂಬರ್ 23ರಂದು ಫೇಸ್‌ಬುಕ್ ಸುಮಾರು ಎರಡೂವರೆ ತಾಸು ಬಿದ್ದಿತ್ತು. ಕ್ಯಾಶ್‌ನಲ್ಲಿರುವ ಕಾನ್ಫಿಗ್ ಮೌಲ್ಯ ತಪ್ಪೆಂದು ಕಂಡರೆ ಕ್ಲೈಂಟ್ ತಾನೇ ಅದನ್ನು ಅಳಿಸಿ, ಡೇಟಾಬೇಸಿನಿಂದ ಹೊಸದನ್ನು ತರಬೇಕೆಂಬುದು ಅಲ್ಲಿನ ಏರ್ಪಾಡು. ಅಂದು ಡೇಟಾಬೇಸಿನಲ್ಲಿದ್ದ ಮೂಲವೇ ತಪ್ಪು. ಪ್ರತಿ ಕ್ಲೈಂಟೂ ಡೇಟಾಬೇಸಿಗೆ ಓಡಿತು, ಸೆಕೆಂಡಿಗೆ ಲಕ್ಷಗಟ್ಟಲೆ ಪ್ರಶ್ನೆಗಳು ಬಿದ್ದವು. ಡೇಟಾಬೇಸ್ ದೋಷ ಕೊಟ್ಟರೆ ಅದನ್ನೂ ‘ತಪ್ಪು ಮೌಲ್ಯ’ವೆಂದೇ ಓದಿಕೊಂಡು ಕ್ಲೈಂಟ್‌ಗಳು ಮತ್ತೆ ಕ್ಯಾಶ್ ಅಳಿಸಿದವು. ಕೊನೆಗೆ ಸೈಟನ್ನೇ ನಿಲ್ಲಿಸಿ ಡೇಟಾಬೇಸಿಗೆ ಉಸಿರಾಡಲು ಬಿಡಬೇಕಾಯಿತು. ಎಲ್ಲವೂ ಸರಿಯಿದ್ದಾಗಿನ ವೇಗವನ್ನು ಎಷ್ಟೇ ನಾಜೂಕಾಗಿ ಅಳೆದರೂ ಇಂಥದ್ದು ಸಿಕ್ಕಿಬೀಳುವುದಿಲ್ಲ.

ಮುಂದೆ ಅಳತೆಗೋಲಿನ ಮೇಲೆಯೇ ಅನುಮಾನ ಹುಟ್ಟಿತು. ಒಂದೊಂದು ಸರ್ವರ್ ನೂರರಲ್ಲಿ ಒಮ್ಮೆ ಮಾತ್ರ ಸೆಕೆಂಡಿಗಿಂತ ನಿಧಾನವಾದರೂ, ನೂರು ಸರ್ವರ್‌ಗಳನ್ನು ಒಟ್ಟಿಗೆ ಕೇಳುವ ಬಳಕೆದಾರರ ವಿನಂತಿಗಳಲ್ಲಿ ಶೇ 63 ನಿಧಾನವಾಗುತ್ತವೆ ಎಂದು 2013ರಲ್ಲಿ ಜೆಫ್ ಡೀನ್ ಮತ್ತು ಲೂಯಿಸ್ ಬರೋಸೊ ಲೆಕ್ಕ ಕೊಟ್ಟರು. ಅಜುಲ್ ಸಿಸ್ಟಮ್ಸ್‌ನ ಗಿಲ್ ಟೆನೆ ಟೆಸ್ಟಿಂಗ್ ಉಪಕರಣಗಳ ಬುಡಕ್ಕೇ ಕೈ ಹಾಕಿದರು. 10 ಮಿಲಿಸೆಕೆಂಡಿಗೊಂದು ವಿನಂತಿ ಕಳಿಸುವ ಪರೀಕ್ಷೆ ನಡೆಯುತ್ತಿದೆ ಎನ್ನಿ. ಸರ್ವರ್ ಒಂದು ಸೆಕೆಂಡು ಸ್ತಬ್ಧವಾಯಿತು. ಆ ಹೊತ್ತಿನಲ್ಲಿ ನೂರು ವಿನಂತಿ ಹೋಗಬೇಕಿತ್ತು. ಆದರೆ ಉಪಕರಣವೂ ಉತ್ತರಕ್ಕಾಗಿ ಕಾಯುತ್ತಾ ಕೂರುತ್ತದೆ, ವರದಿಯಲ್ಲಿ ಕೆಟ್ಟದ್ದು ಒಂದೇ ದಾಖಲಾಗುತ್ತದೆ. ನೂರರಲ್ಲಿ 99 ವಿನಂತಿಗಳು ಎಷ್ಟು ಹೊತ್ತಿನೊಳಗೆ ಮುಗಿದವು ಎಂದು ಹೇಳುವ ಪಿ99 ಕೂಡ ಸುಳ್ಳು ಹೇಳುವುದು ಹೀಗೆ.

ನಮ್ಮಲ್ಲಿ ಈ ವಿದ್ಯೆಗೆ ಬೆಲೆ ಬಂದದ್ದು ಜನಜಂಗುಳಿಯಿಂದ. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಮೊದಲ ಬಿಗ್ ಬಿಲಿಯನ್ ಡೇ ಮಾರಾಟ ಮುಗ್ಗರಿಸಿತು, ಸ್ಥಾಪಕರು ಗ್ರಾಹಕರ ಕ್ಷಮೆ ಕೇಳಿದರು. 2019ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಹಾಟ್‌ಸ್ಟಾರ್‌ನಲ್ಲಿ ಏಕಕಾಲಕ್ಕೆ 2.53 ಕೋಟಿ ನೋಡುಗರಿದ್ದರು. ಧೋನಿ ರನೌಟ್ ಆದ ಮೇಲೆ ಜನ ವಿಡಿಯೊ ಬಿಟ್ಟು ಮುಖಪುಟಕ್ಕೆ ಮರಳಿದಾಗ ಅಲ್ಲಿನ ಸೇವೆಗಳ ಮೇಲೆ ಬೀಳುವ ಹೊರೆಯನ್ನೂ ಮೊದಲೇ ಪರೀಕ್ಷಿಸಿಟ್ಟಿರಬೇಕಾಗುತ್ತದೆ. ಇನ್ನು ಬೆಂಗಳೂರಿನ ಜಸ್‌ಪೇ, ‘ಸೂಪರ್‌ಪೊಸಿಷನ್’ ಎಂಬ ಕಾನ್ಫಿಗರೇಷನ್ ವ್ಯವಸ್ಥೆಯನ್ನು ರಸ್ಟ್ ಭಾಷೆಯಲ್ಲಿ ಕಟ್ಟಿ ಮುಕ್ತ ತಂತ್ರಾಂಶವಾಗಿ ಬಿಟ್ಟಿದೆ. ಊರು, ಸಾಧನದಂಥ ಸಂದರ್ಭ ನೋಡಿ ಮೌಲ್ಯ ಆರಿಸುವುದು ಅದರ ಬಗೆ. ಇಂಥ ಕಡೆ ‘ತರಲು ಎಷ್ಟು ಹೊತ್ತು’ ಎಂದು ಕೇಳಿದರೆ ಸಾಲದು, ನಿಯಮಗಳು ಸಾವಿರ ದಾಟಿದಾಗ ‘ಆರಿಸಲು ಎಷ್ಟು ಹೊತ್ತು’ ಎಂದೂ ಕೇಳಬೇಕು.

ಕೊಂಡು ಬಳಸುವ ಸೇವೆಯಾದರೆ ಮಿತಿಯ ಲೆಕ್ಕವೂ ಸೇರುತ್ತದೆ. 2020ರಲ್ಲಿ ಪೂರ್ಣವಾಗಿ ಬಿಡುಗಡೆಯಾದ ಮೈಕ್ರೋಸಾಫ್ಟ್‌ನ ಅಜ್ಯೂರ್ ಆ್ಯಪ್ ಕಾನ್ಫಿಗರೇಷನ್‌ನ ಸ್ಟ್ಯಾಂಡರ್ಡ್ ದರ್ಜೆಗೆ ತಾಸಿಗೆ 30,000 ವಿನಂತಿಗಳ ಮಿತಿ ಇದೆ. ಲೈಬ್ರರಿ 30 ಸೆಕೆಂಡಿಗೊಮ್ಮೆ ಬದಲಾವಣೆ ಸೂಚಿಸುವ ಒಂದೇ ಕಾವಲು ಕೀಲಿಯನ್ನು ನೋಡಿದರೂ ಪ್ರೋಗ್ರಾಮಿನ ಒಂದು ಪ್ರತಿಗೆ ತಾಸಿಗೆ 120 ವಿನಂತಿ, 250 ಪ್ರತಿಗಳಿಗೆ ಮಿತಿ ಮುಗಿಯಿತು. ಆಮೇಲೆ ಬರುವುದು ‘ವಿನಂತಿ ಅತಿಯಾಯಿತು’ ಎನ್ನುವ 429 ದೋಷ. ಆಗ ಲೈಬ್ರರಿ ಹಳೆಯ ಮೌಲ್ಯ ಇಟ್ಟುಕೊಂಡು ಸುಮ್ಮನಿರುತ್ತದೋ, ಮತ್ತೆ ಮತ್ತೆ ಬಾಗಿಲು ಬಡಿಯುತ್ತದೋ?

ಕ್ಯಾಶ್‌ನಿಂದ ಓದಲು ಎಷ್ಟು ನ್ಯಾನೊಸೆಕೆಂಡು ಎಂಬ ಪೈಪೋಟಿ ಇಂದಿಗೂ ನಡೆದಿದೆ. ನನಗದು ದೊಡ್ಡ ವಿಷಯವಾಗಿ ಕಾಣುವುದಿಲ್ಲ. ಸರ್ವರ್ ಸತ್ತಾಗ, ತಪ್ಪು ಮೌಲ್ಯ ಬಂದಾಗ, ಎಲ್ಲ ಪ್ರತಿಗಳೂ ಒಟ್ಟಿಗೆ ಎದ್ದಾಗ ಲೈಬ್ರರಿ ಏನು ಮಾಡಿತು ಎಂಬ ಪುಟ ಇಲ್ಲದ ಟೆಸ್ಟ್ ವರದಿ ನಿಮ್ಮ ಮೇಜಿಗೆ ಬಂದರೆ ಸಹಿ ಹಾಕದೆ ವಾಪಸ್ ಕಳಿಸಿ.