ಹಾಸಿಗೆಯಲ್ಲಿದ್ದೂ ಹೊರರೋಗಿ

ಅಮೆರಿಕದ ಆಸ್ಪತ್ರೆಯಲ್ಲಿ ಮೂರು ರಾತ್ರಿ ಮಲಗಿ, ಔಷಧಿ, ಊಟ, ದಾದಿಯರ ಆರೈಕೆ ಎಲ್ಲವನ್ನೂ ಪಡೆದ ವೃದ್ಧರು ಲೆಕ್ಕದ ಪುಸ್ತಕದಲ್ಲಿ 'ಹೊರರೋಗಿ'ಯೇ ಆಗಿರಬಹುದು. ವೈದ್ಯರು ಅವರನ್ನು ದಾಖಲು ಮಾಡಿಕೊಳ್ಳದೆ 'ನಿಗಾ'ದಲ್ಲಷ್ಟೇ ಇಟ್ಟಿದ್ದರೆ ಹೀಗಾಗುತ್ತದೆ. ಇದು ಬರೀ ಹೆಸರಿನ ವ್ಯತ್ಯಾಸವಲ್ಲ. 1965ರಲ್ಲಿ ಹುಟ್ಟಿದ ಮೆಡಿಕೇರ್ ಎಂಬ ಸರ್ಕಾರಿ ವಿಮೆ, ಸಾಮಾನ್ಯವಾಗಿ ಸತತ ಮೂರು ದಿನ ಒಳರೋಗಿಯಾಗಿದ್ದವರಿಗೆ ಮಾತ್ರ ಆಮೇಲಿನ ಶುಶ್ರೂಷಾಲಯದ ಖರ್ಚು ಕೊಡುತ್ತದೆ. ಬಿದ್ದು ಪೆಟ್ಟು ಮಾಡಿಕೊಂಡ ಅಜ್ಜಿಗೆ ತಾನು ಹೊರರೋಗಿಯಾಗಿದ್ದೆನೆಂದು ತಿಳಿಯುತ್ತಿದ್ದುದು ಅಲ್ಲಿನ ಬಿಲ್ಲು ಕೈಗೆ ಬಂದಾಗ!

ಆಸ್ಪತ್ರೆಗಳಿಗೂ ಅವುಗಳದೇ ಭಯವಿತ್ತು. ಅನಗತ್ಯವಾಗಿ ದಾಖಲು ಮಾಡಿಕೊಂಡಿರೆಂದು ಲೆಕ್ಕ ತಪಾಸಣೆಯವರು ಕೊಟ್ಟ ಹಣವನ್ನೇ ಹಿಂದಕ್ಕೆ ಕೇಳುತ್ತಿದ್ದರು.

2015ರ 'ನೋಟಿಸ್' ಕಾಯ್ದೆ ಈ ಮೌನವನ್ನು ಮುರಿಯಿತು. 24 ಗಂಟೆಗೂ ಹೆಚ್ಚು ಕಾಲ ನಿಗಾದಲ್ಲಿದ್ದವರಿಗೆ, ನಿಗಾ ಆರಂಭವಾದ 36 ಗಂಟೆಯೊಳಗೆ, ಕಾರಣವನ್ನೂ ಪರಿಣಾಮವನ್ನೂ ಬರೆದು ಕೊಡಬೇಕು; ಬಾಯಿಬಿಟ್ಟೂ ಹೇಳಬೇಕು. 2017ರ ಮಾರ್ಚ್‌ನಿಂದ ಕಡ್ಡಾಯವಾದ ಈ ಪತ್ರದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ 'ಮೂನ್', ಅಂದರೆ ಚಂದ್ರ.

ಬೆಳಕೇನೋ ಬಂತು. ಆದರೆ ಪತ್ರಕ್ಕೆ ರುಜು ಹಾಕಿದವರಿಗೆ ತೀರ್ಮಾನವನ್ನು ಪ್ರಶ್ನಿಸುವ ಹಕ್ಕು ಬರಲಿಲ್ಲ. ಅದಕ್ಕಾಗಿ 2011ರಲ್ಲೇ ಹೂಡಿದ್ದ ದಾವೆಯಲ್ಲಿ 2020ರಲ್ಲಿ ರೋಗಿಗಳ ಪರ ತೀರ್ಪಾಯಿತು. 2022ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದೂ ಮೊದಲು ಒಳರೋಗಿಯೆಂದು ಬರೆದುಕೊಂಡು, ಆಮೇಲೆ ಆಸ್ಪತ್ರೆಯೇ ಹೊರರೋಗಿಯೆಂದು ತಿದ್ದಿದ ಕೆಲವರಿಗೆ ಮಾತ್ರ. ಆರಂಭದಿಂದಲೂ ನಿಗಾದಲ್ಲೇ ಉಳಿದವರ ಕೈಯಲ್ಲಿರುವುದು ಆ ಪತ್ರವಷ್ಟೇ.