ಇನ್‌ಲ್ಯಾಂಡಿನಲ್ಲಿ ಬರೆಯದೆ ಉಳಿದದ್ದು

ಮೊನ್ನೆ ಡೊಂಬಿವಲಿಯ ನಮ್ಮ ಮನೆಯ ಮಾಳಿಗೆ ಮೇಲಿನ ಟ್ರಂಕು ಇಳಿಸಿದಾಗ ನನ್ನ ಹಳೆಯ ಇನ್‌ಲ್ಯಾಂಡ್ ಪತ್ರಗಳ ಕಟ್ಟು ಸಿಕ್ಕಿತು. 1986ರಲ್ಲಿ ಧಾರವಾಡದ ಹಾಸ್ಟೆಲಿನಿಂದ ಬರೆದವು, ಅಪ್ಪ ಜೋಪಾನ ಮಾಡಿದ್ದರು. ಎಲ್ಲದರಲ್ಲೂ ಒಂದೇ ಪಾಠ. ತೀರ್ಥರೂಪರಿಗೆ ಸಾಷ್ಟಾಂಗ ನಮಸ್ಕಾರಗಳು, ಅಭ್ಯಾಸ ಚೆನ್ನಾಗಿ ನಡೆದಿದೆ, ಮನಿಯಾರ್ಡರ್ ಬೇಗ ಕಳಿಸಿರಿ. ಓದಿ ನಗು ಬಂತು. ಆಮೇಲೆ ಬರಲಿಲ್ಲ. ಆ ವರ್ಷ ಹಿರಿಯ ಹುಡುಗರು ನಡುರಾತ್ರಿ ಎಬ್ಬಿಸಿ ಸಾಲಾಗಿ ನಿಲ್ಲಿಸುತ್ತಿದ್ದದ್ದು, ಎರಡು ವಿಷಯದಲ್ಲಿ ನಾನು ಫೇಲಾದದ್ದು... ಒಂದಕ್ಷರವೂ ಅವುಗಳಲ್ಲಿಲ್ಲ.

ಬರೆಯುವುದಾದರೂ ಹೇಗೆ ಹೇಳಿ? ಇನ್‌ಲ್ಯಾಂಡ್ ಬಂದದ್ದು 1950ರಲ್ಲಿ. ಪೋಸ್ಟ್‌ಕಾರ್ಡಿನ ಹಾಗೆ ಬಯಲಲ್ಲ, ಮಡಚಿ ಅಂಟಿಸಬಹುದು. ಆದರೆ ನಮ್ಮೂರಲ್ಲಿ ಆ ಗುಟ್ಟು ಅಂಟು ಬಿಚ್ಚುವ ತನಕ ಮಾತ್ರ. ಅಪ್ಪ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದುತ್ತಿದ್ದರು. ಅವ್ವ, ಅಜ್ಜಿ, ಹಾಲು ಕೊಡಲು ಬಂದವರು, ಎಲ್ಲರೂ ಕೇಳುವವರೇ.

ಆಮೇಲೆ ಫೋನು. ಎಸ್‌ಟಿಡಿ 1960ರಲ್ಲೇ ಲಖನೌ-ಕಾನ್‌ಪುರ ನಡುವೆ ಶುರುವಾಗಿತ್ತು. ನಮ್ಮಂಥವರ ಕೈಗೆ ಸಿಕ್ಕಿದ್ದು ಎಂಬತ್ತರ ದಶಕದ ಕೊನೆಗೆ, ಹಳದಿ ಬೋರ್ಡಿನ ಬೂತುಗಳು ಬಂದ ಮೇಲೆ. ತಡರಾತ್ರಿ ದರ ಕಾಲುಭಾಗ ಎಂದು ನನ್ನ ತಮ್ಮ ಆ ಹೊತ್ತಿಗೇ ಸರದಿಯಲ್ಲಿ ನಿಲ್ಲುತ್ತಿದ್ದ. ಕಿವಿಯಲ್ಲಿ ಅಪ್ಪ, ಕಣ್ಣು ಮೀಟರಿನ ಮೇಲೆ, ಬೆನ್ನ ಹಿಂದೆ ಹತ್ತು ಜನ! ಅಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ?

2003ರಲ್ಲಿ ಮೊಬೈಲಿಗೆ ಒಳಬರುವ ಕರೆ ಉಚಿತವಾಯಿತು. ಈಗ ಪುಣೆಯಲ್ಲಿ ಓದುವ ಮಗಳಿಗೆ ದಿನಾ ಫೋನು ಮಾಡುತ್ತೇನೆ. “ಊಟ ಆತೇನು?” “ಹೂಂ.” “ಪರೀಕ್ಷೆ ಯಾವಾಗ?” “ಮುಂದಿನ ವಾರ.” ಅದೇ ಇನ್‌ಲ್ಯಾಂಡು, ಮನಿಯಾರ್ಡರ್ ಒಂದಿಲ್ಲ ಅಷ್ಟೆ.

ನಡುವೆ ಕಾನೂನೂ ಬದಲಾಗಿತ್ತು. ರ್ಯಾಗಿಂಗ್ ತಡೆಯಲು 2001ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನು ಕೊಟ್ಟಿತು. 2009ರ ಯುಜಿಸಿ ನಿಯಮದ ಪ್ರಕಾರ ವಿದ್ಯಾರ್ಥಿಯ ಜೊತೆ ಪಾಲಕರೂ ಮುಚ್ಚಳಿಕೆ ಬರೆದುಕೊಡಬೇಕು. ಮಗಳನ್ನು ಸೇರಿಸುವಾಗ ನಾನೂ ಸಹಿ ಹಾಕಿದೆ. ಅದನ್ನು ಯಾಕೆ ಕೇಳುತ್ತಾರೆ ಅಂದಳು. “ಏನೋ ರೂಲ್ಸು” ಅಂದುಬಿಟ್ಟೆ. ನನ್ನ ಕಥೆ ಹೇಳಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗುತ್ತಿರಲಿಲ್ಲ.

ಮೊನ್ನೆ ರಾತ್ರಿ ಒಂದು ಪತ್ರದ ಫೋಟೋ ಕಳಿಸಿ, ಅದರಲ್ಲಿ ಇಲ್ಲದ್ದನ್ನೆಲ್ಲ ಫೋನಿನಲ್ಲಿ ಹೇಳಿದೆ. ಫೇಲಾದದ್ದನ್ನೂ. ಅವಳು ಸುಮ್ಮನಿದ್ದಳು. ಲೈನು ಕಟ್ಟಾಯಿತೇನೋ ಅಂದುಕೊಂಡೆ.

“ಅಪ್ಪಾ, ಅಜ್ಜಗ ಕಡೀಗೂ ಹೇಳಲಿಲ್ಲೇನು?”

“ಇಲ್ಲವಾ.”

ಮತ್ತೆ ಸ್ವಲ್ಪ ಹೊತ್ತು ಬಿಟ್ಟು, “ನನಗ ಈ ಸೆಮಿಸ್ಟರ್ ಒಂದು ವಿಷಯ ಏನೂ ತಿಳೀವಲ್ದು. ಎರಡು ತಿಂಗಳಾತು” ಅಂದಳು.

ಬೈಯಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅವಳೇ ಮಾತಾಡಿದಳು, ನಲವತ್ತು ನಿಮಿಷ. ಈ ಭಾನುವಾರ ಪುಣೆಗೆ ಹೋಗುತ್ತಿದ್ದೇನೆ. ಉಳಿದ ಪತ್ರಗಳನ್ನೂ ತರಬೇಕಂತೆ.